ಇಪ್ಪತ್ತನೆಯವಳು

ಕ್ರಿಸ್ತಶಕ 2194, ಎರಡನೇ ಬೇಸಿಗೆ, ಆರನೇ ವಾರದ ಶುಕ್ರವಾರ. ಗದಗ-ಬೆಟಗೇರಿ. ನಮ್ಮ ಮಗಳು ಹುಟ್ಟಿ ಎರಡೂವರೆ ತಿಂಗಳಾಗಿದೆ. ಬರುವ ಸೋಮವಾರ ಅವಳನ್ನು ತೊಳೆಗೆ ಕರೆತರಬೇಕೆಂದು ನೆತ್ತರಮನೆಯಿಂದ ಕರೆ ಬಂದಿದೆ.

ಹಿಂದಿನವರಿಗೆ, ತಿಪ್ಪಣ್ಣ ಅಬ್ಬಿಗೇರಿಯ ನಮಸ್ಕಾರಗಳು.

ಈ ಪತ್ರದ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ, ಅದರಲ್ಲೂ ಬೇರೆ ಭಾಷೆಗಳಿಂದ ಬಂದ ಅನುವಾದಗಳಿಂದ ಕಲಿತವನು. ತಪ್ಪಿದ್ದರೆ ಕ್ಷಮಿಸಿ. ನೀವು ಯಾರೆಂದು ನನಗೆ ಗೊತ್ತಿಲ್ಲ. ಇಪ್ಪತ್ತೊಂದನೇ ಶತಮಾನದ ಯಾವುದೋ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿನಿಂದ ಮಲಗಿದ್ದ ನಿಮ್ಮ ಮಗುವಿನ ಪಕ್ಕ ಕುಳಿತು, ಅದರ ನೆತ್ತರನ್ನು ಸಂಶೋಧನೆಗೆ ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟ ತಂದೆ ಅಥವಾ ತಾಯಿ ನೀವು ಎಂದಷ್ಟೇ ಬಲ್ಲೆ. ಅಂಥ ಮಕ್ಕಳನ್ನು ನಾವು ಮೊದಲ ಮಕ್ಕಳು ಎನ್ನುತ್ತೇವೆ. ನಮ್ಮಲ್ಲಿ ಒಂದು ಮಗುವನ್ನು ತೊಳೆಗೆ ಕೊಡುವ ಮೊದಲು ಅದರ ಹೆತ್ತವರಲ್ಲಿ ಒಬ್ಬರು ಮೊದಲ ಮಕ್ಕಳ ಮನೆಯವರಿಗೆ ಉಪಕಾರ ನೆನೆದು ಪತ್ರ ಬರೆಯಬೇಕು. ತಲುಪಿಸುವ ದಾರಿ ಇಲ್ಲ. ಪತ್ರಗಳನ್ನು ನೆತ್ತರಮನೆಯ ಕಲ್ಲಿನ ಗೂಡಿನಲ್ಲಿ ಇಡುತ್ತಾರೆ, ಯಾರೂ ಓದುವುದಿಲ್ಲ. ಸಾಮಾನ್ಯವಾಗಿ ನಾಲ್ಕು ಸಾಲು ಬರೆಯುತ್ತಾರೆ. ನನ್ನದು ಉದ್ದವಾಗಲಿದೆ, ಮತ್ತು ಅದರಲ್ಲಿ ಉಪಕಾರದ ಮಾತು ಕಡಿಮೆ.

ಮೊದಲು ನಮ್ಮ ದಿನಗಳ ಬಗ್ಗೆ ಸ್ವಲ್ಪ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದರಲ್ಲಿ ಬಿಸಿಲು, ಎರಡನೆಯದರಲ್ಲಿ ಬಿಸಿಲಿನ ಜೊತೆ ಧೂಳು. ಹೊತ್ತು ಏರಿದ ಮೇಲೆ ಬಾಗಿಲುಗಳನ್ನು ಒದ್ದೆ ಗೋಣಿಯಿಂದ ಮುಚ್ಚಿ ಸಂಜೆಯವರೆಗೆ ಒಳಗೇ ಇರುತ್ತೇವೆ. ಜೋಳವನ್ನು ಬಲೆಯ ನೆರಳಲ್ಲಿ ಬೆಳೆಯುತ್ತೇವೆ. ಕಪ್ಪತಗುಡ್ಡದ ಗಾಳಿಗಿರಣಿಗಳು ಇನ್ನೂ ತಿರುಗುತ್ತವೆ. ಅಲ್ಲಿ ಗಾಳಿಯ ದಿಕ್ಕು ಮತ್ತು ವೇಗ ನೋಡಿ ಊರಿಗೆ ಧೂಳಿನ ಮುನ್ಸೂಚನೆ ಕೊಡುವುದು ನನ್ನ ಕೆಲಸ. ಬೆಟಗೇರಿಯ ಮಗ್ಗಗಳು ಆ ಗಾಳಿಯಿಂದಲೇ ನಡೆಯುತ್ತವೆ. ನೀರು ಪಾಲಿನ ಪ್ರಕಾರ ಸಿಗುತ್ತದೆ. ಹುಟ್ಟಿದ ಪ್ರತಿ ಮಗುವಿಗೂ ತನ್ನ ಪಾಲು ಇದೆ. ನನ್ನ ಹೆಂಡತಿ ಮಧುಮತಿ ಆ ಪಾಲು ಅಳೆಯುವ ಕಚೇರಿಯಲ್ಲಿದ್ದಾಳೆ.

ನೀವು ಲ್ಯುಕೇಮಿಯಾ ಎನ್ನುತ್ತಿದ್ದುದನ್ನು ನಾವು ಬಿಳಿಪು ಎನ್ನುತ್ತೇವೆ. ಧೂಳು ಹೆಚ್ಚಾದ ದಶಕಗಳಲ್ಲಿ ಅದು ಮಕ್ಕಳಲ್ಲಿ ಬಹಳ ಹೆಚ್ಚಿತು. ಒಂದು ಓಣಿಯಲ್ಲಿ ಒಂದು ವರ್ಷ ಬಿಳಿಪಿನ ಸಾವಿಲ್ಲದೆ ಹೋದರೆ ಜನ ಅದನ್ನು ಹೇಳಿಕೊಳ್ಳುತ್ತಿದ್ದರಂತೆ. ಅಂಥ ಹೊತ್ತಿನಲ್ಲಿ, ಊರಿನವರ ನೆತ್ತರು ಪರೀಕ್ಷಿಸುವ ನೆತ್ತರಮನೆಗೆ ಸೇರಿದವರು ಡಾಕ್ಟರ್ ನೀಲಗಂಗಾ ಹೊಂಬಳ. ಅವರು ಮಧುಮತಿಯ ತಾಯಿ, ನನ್ನ ಅತ್ತೆ. ನಿಮ್ಮ ಕಾಲದಿಂದ ಒಣಗಿಸಿ, ಹೆಪ್ಪುಗಟ್ಟಿಸಿ ಉಳಿಸಿಕೊಂಡಿದ್ದ ಮೊದಲ ಮಕ್ಕಳ ನೆತ್ತರನ್ನು ತಮ್ಮ ಕಾಲದ ರೋಗಿಗಳ ನೆತ್ತರಿನ ಜೊತೆ ಇಟ್ಟು ಅವರು ಹದಿನಾರು ವರ್ಷ ನೋಡಿದರು. ಬಿಳಿಪು ಬಂದ ಬಹುತೇಕ ಎಲ್ಲ ಮಕ್ಕಳಲ್ಲೂ ಒಂದೇ ಬದಲಾವಣೆ ಕಂಡಿತು. ಹುಟ್ಟಿನಿಂದಲೇ ಮೈಯ ಪ್ರತಿ ಕಣದಲ್ಲಿದ್ದು, ತಂದೆಯಿಂದಲೋ ತಾಯಿಯಿಂದಲೋ ಬರುವಂಥದ್ದು. ಅದನ್ನು ಅವರು ಗಂಟು ಎಂದು ಕರೆದರು.

ಅಲ್ಲಿಂದ ಮುಂದಿನದು ಬೇಗ ಆಯಿತು. ಮಗು ಹುಟ್ಟಿದ ಮೂರನೇ ದಿನ ನೆತ್ತರಮನೆಯ ಹೆಂಗಸರು ಮನೆಗೆ ಬಂದು ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೆದುಕೊಳ್ಳುತ್ತಾರೆ. ಗಂಟು ಇದ್ದರೆ ಮೂರು ತಿಂಗಳೊಳಗೆ ತೊಳೆ, ಅದು ಕಾನೂನು. ತೊಳೆ ಎಂದರೆ ಮಗುವಿನ ಮೂಳೆಯೊಳಗಿನ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಸಾಯಿಸಿ, ಬೇರೆ ಮಗುವಿನ ಹೊಕ್ಕುಳಬಳ್ಳಿಯ ನೆತ್ತರಿನಿಂದ ಹೊಸ ಮಜ್ಜೆ ಬೆಳೆಸುವುದು. ಅಷ್ಟು ದಿನ ಮಗು ಗಾಜಿನ ತೊಟ್ಟಿಲಲ್ಲಿ ಇರುತ್ತದೆ. ಹೆತ್ತವರು ಒಳಗೆ ಬರುವಂತಿಲ್ಲ. ಇಪ್ಪತ್ತು ಮಕ್ಕಳಲ್ಲಿ ಒಂದು ಹೊರಗೆ ಬರುವುದಿಲ್ಲ. ಬಂದವರು ಬದುಕುತ್ತಾರೆ, ಆದರೆ ಕುಳ್ಳಗಿರುತ್ತಾರೆ, ಬೇಗ ಕಣ್ಣಿಗೆ ಪೊರೆ ಬರುತ್ತದೆ, ಅವರಿಗೆ ಮಕ್ಕಳಾಗುವುದಿಲ್ಲ. ತೊಳೆಯದೆ ಉಳಿಸಿಕೊಂಡ ಗಂಟಿನ ಮಗುವಿಗೆ ನೀರಿನ ಪಾಲು ಇಲ್ಲ, ಏಕೆಂದರೆ ಬಿಳಿಪಿನ ಆರೈಕೆ ಹತ್ತು ಜನರ ನೀರು ನುಂಗುತ್ತದೆ ಎಂದು ಲೆಕ್ಕ ಹಾಕಿದ್ದರು. ಗಂಟಿನ ಮಗುವಿಗೆ ತೊಳೆ ಮುಗಿಯುವವರೆಗೆ ಹೆಸರನ್ನೂ ಇಡುವುದಿಲ್ಲ. ಇದು ಕಾನೂನಲ್ಲ. ಜನ ತಾವಾಗಿ ಮಾಡಿಕೊಂಡದ್ದು.

ನೆತ್ತರಮನೆಯೊಳಗೂ ಹೆಸರುಗಳಿಗೆ ಜಾಗವಿಲ್ಲ. ಪರಿಚಯದವರ ಮಗುವಿಗೆ ಯಾರೂ ದಯೆ ತೋರದಿರಲೆಂದು ಅತ್ತೆಯವರು ಆ ನಿಯಮ ಮಾಡಿದ್ದರು. ಹನಿ ಯಾವ ಮನೆಯದು ಎಂಬುದು ಮಾತ್ರ ದಾಖಲಾಗುತ್ತದೆ, ಕರೆಯೂ ಮನೆಗೇ ಹೋಗುತ್ತದೆ. ಅವರು ನಿಂತೇ ರೊಟ್ಟಿ ತಿನ್ನುವವರು, ಯಾರ ಮದುವೆಗೂ ಹೋಗದವರು. ಗಾಜಿನ ತೊಟ್ಟಿಲಲ್ಲಿ ಮಗು ಸತ್ತರೆ ಅದನ್ನು ತಾವೇ ಎತ್ತಿ ಕೊಡುತ್ತಿದ್ದರು, ತೊಟ್ಟಿಲನ್ನು ತಾವೇ ತೊಳೆಯುತ್ತಿದ್ದರು. ಬಿಳಿಪು ನಮ್ಮ ಊರಿನಿಂದ ಬಹುತೇಕ ಮರೆಯಾಯಿತು. ಅವರ ಹೆಸರು ಹೇಳಿ ದೀಪ ಹಚ್ಚುವ ಮನೆಗಳಿವೆ. ಅದನ್ನು ಕೇಳಿದರೆ ಅವರು ಎದ್ದು ಬೇರೆ ಕೋಣೆಗೆ ಹೋಗುತ್ತಾರೆ.

ನಮ್ಮ ಮಗಳ ಹನಿಯಲ್ಲಿ ಗಂಟು ಕಂಡಿತು. ಸುದ್ದಿಯನ್ನು ಅತ್ತೆಯವರೇ ತಂದರು. ಮಗುವನ್ನು ಎತ್ತಿಕೊಳ್ಳಲಿಲ್ಲ. ಮಧುಮತಿ ಅಳಲಿಲ್ಲ, ಇದು ಎಲ್ಲಿಂದ ಬಂತು ಎಂದಳು. ಅದು ಸರಿಯಾದ ಪ್ರಶ್ನೆಯಾಗಿತ್ತು. ಹುಟ್ಟಿದಾಗ ನಮ್ಮಿಬ್ಬರ ಹನಿಗಳೂ ಶುದ್ಧವೆಂದು ಬರೆದಿತ್ತು. ಅತ್ತೆಯವರು ನಮ್ಮಿಬ್ಬರ ತಲೆಯಿಂದ ಬೇರು ಸಮೇತ ಕೂದಲು ಕಿತ್ತುಕೊಂಡು ಹೋದರು. ಎರಡು ದಿನ ಬಿಟ್ಟು ಬಂದು, ಇನ್ನೊಮ್ಮೆ ನನ್ನ ಕೂದಲು ಮಾತ್ರ ಕಿತ್ತುಕೊಂಡರು. ಮೂರನೇ ಸಲವೂ ಅದನ್ನೇ ಮಾಡಿದರು. ಆಮೇಲೆ ನನ್ನ ಎದುರು ಕುಳಿತು ಫಲಿತಾಂಶ ಹೇಳಿದರು. ಗಂಟು ನನ್ನದು. ಮೂವತ್ಮೂರು ವರ್ಷ ಅದನ್ನು ಹೊತ್ತು ನಾನು ಗುಡ್ಡ ಹತ್ತಿ ಇಳಿದಿದ್ದೆ. ನೆಗಡಿಗಿಂತ ದೊಡ್ಡ ಕಾಯಿಲೆ ನನಗೆ ಬಂದದ್ದಿಲ್ಲ.

ಸೂಜಿಯ ಹೆಂಗಸರು ಹನಿಗಳನ್ನು ಅದಲುಬದಲು ಮಾಡಿರಬೇಕು ಎಂದು ಅತ್ತೆಯವರು ಮೊದಲು ತಿಳಿದರು. ಆಮೇಲೆ, ಮದುವೆಯಾದಂದಿನಿಂದ ಕೇಳದೆ ಇದ್ದ ಒಂದು ಪ್ರಶ್ನೆ ಕೇಳಿದರು.

"ಅಳಿಯಂದ್ರ, ನಿಮ್ಮ ಮನಿತನದಾಗ ಯಾರಿಗೂ ಇಲ್ಲದ ಹೆಸರು ನಿಮಗ್ಯಾಕ ಇಟ್ರು?"

ನನಗೆ ಗೊತ್ತಿರಲಿಲ್ಲ. ನನ್ನ ತಾಯಿ ತೀರಿಹೋಗಿ ಬಹಳ ವರ್ಷವಾಗಿದೆ. ಬೆಟಗೇರಿಯಲ್ಲಿ ನಮ್ಮ ಗೋಡೆಗೆ ಗೋಡೆ ಕೂಡಿದ್ದ ಮನೆಯ ಬಸಲಿಂಗವ್ವನಿಗೆ ಗೊತ್ತಿರಬಹುದು ಎಂದೆ. ಚಿಕ್ಕಂದಿನಲ್ಲಿ ನನಗೆ ಉಣಿಸಿ ಬೆಳೆಸಿದವಳು ಅವಳು. ಮರುದಿನ ಬೆಳಗ್ಗೆ, ಬಾಗಿಲು ಮುಚ್ಚುವ ಹೊತ್ತಿಗೆ ಮುಂಚೆ, ನಾವು ಮೂವರೂ ಮಗುವನ್ನು ಎತ್ತಿಕೊಂಡು ಹೋದೆವು.

ಬಸಲಿಂಗವ್ವ ಈಗ ಮಗ್ಗಕ್ಕೆ ಕೂರುವುದಿಲ್ಲ, ನೂಲು ಬಿಡಿಸಿ ಕೊಡುತ್ತಾಳೆ. ಅತ್ತೆಯವರನ್ನು ಕಂಡು ಎದ್ದು ನಿಂತಳು. ಕಾರಣ ಕೇಳಿದ ಮೇಲೆ ನಕ್ಕಳು. ಇಷ್ಟು ದೊಡ್ಡ ಡಾಕ್ಟರರಿಗೆ ತಿಪ್ಪಣ್ಣನ ಹೆಸರಿನ ಚಿಂತೆಯೇ ಎಂದಳು. ನಿಮ್ಮ ಕಾಲದಲ್ಲೂ ಈ ರೂಢಿ ಇತ್ತೆಂದು ಓದಿದ್ದೇನೆ. ಹೆತ್ತ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಹಾಕುವುದು, ನೆರೆಯವಳು ಅದನ್ನು ಮೊರದಲ್ಲಿ ಎತ್ತಿಕೊಂಡು ಹೋಗುವುದು, ಹೆತ್ತವಳು ಆಮೇಲೆ ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳುವುದು. ಬೇಡದ ಕೂಸೆಂದು ಸಾವು ಅದನ್ನು ಬಿಟ್ಟು ಹೋಗಲಿ ಎಂಬ ಉಪಾಯ. ನಮ್ಮಲ್ಲಿ ದನಗಳಿಲ್ಲ, ತಿಪ್ಪೆಯೂ ಇಲ್ಲ. ಬೆಟಗೇರಿಯವರು ಮಗ್ಗದ ಹಿಂದಿನ ಚಿಂದಿ ನೂಲಿನ ಗುಡ್ಡೆಯನ್ನೇ ತಿಪ್ಪೆ ಮಾಡಿಕೊಂಡಿದ್ದರು. ಇನ್ನೊಂದನ್ನೂ ಸೇರಿಸಿದ್ದರು. ಹೆತ್ತವಳ ಮಡಿಲು ಬರಿದಾಗಿದ್ದರೆ ಸಾವಿಗೆ ಅನುಮಾನ ಬರುತ್ತದೆ. ಆದ್ದರಿಂದ ಅದೇ ವಾರ ಹೆತ್ತ ಇನ್ನೊಬ್ಬಳ ಕೂಸನ್ನು ಅವಳ ಮಡಿಲಿಗೆ ಹಾಕುತ್ತಿದ್ದರು. ಒಂದು ತಿಂಗಳು ಕೂಸುಗಳು ಅದಲುಬದಲಾಗಿ ಬೆಳೆಯುತ್ತಿದ್ದವು.

"ನಿಮ್ಮವ್ವಗ ಎರಡು ಕೂಸು ಕೈಬಿಟ್ಟು ಹೋಗಿದ್ವು," ಎಂದು ಬಸಲಿಂಗವ್ವ ನನ್ನನ್ನು ನೋಡಿ ಹೇಳಿದಳು. "ಮೂರನೇದವ ನೀನು. ನಾ ಹಡೆದು ಎರಡ ದಿನ ಆಗಿತ್ತು. ನೀ ನನ್ನ ತೊಡಿಮ್ಯಾಗ ಬಂದಿ, ನನ್ನ ಮಗ ಆಕಿ ತೊಡಿಮ್ಯಾಗ ಹೋದ."

ಸೂಜಿಯವರು ಬಂದಾಗ ಏನಾಯಿತು ಎಂದು ಅತ್ತೆಯವರು ಕೇಳಿದರು. ಬಂದಾಗ ಯಾರ ಮನೆಯಲ್ಲಿ ಯಾವ ಕೂಸಿತ್ತೋ ಅದಕ್ಕೆ ಚುಚ್ಚಿದರು ಎಂದಳು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕಾಯಿಲೆ ಮನೆತನಕ್ಕೆ ಅಂಟಿದ್ದು ಎಂದು ನೆತ್ತರಮನೆಯವರೇ ಹೇಳಿದ್ದರಲ್ಲ. ತಿಂಗಳ ಮೇಲೆ ಕೂಸುಗಳು ತಮ್ಮ ತಮ್ಮ ಮನೆಗೆ ಹೋದವು. ನನಗೆ ತಿಪ್ಪಣ್ಣ ಎಂದು ಹೆಸರಿಟ್ಟರು. ಆಮೇಲೆ ತೊಳೆಯ ಕರೆ ಬಸಲಿಂಗವ್ವನ ಮನೆಗೆ ಬಂತು. ಮನೆಗೆ ಬಂದ ಕರೆಗೆ ಮನೆಯ ಮಗು ಹೋಯಿತು. ಹೋದ ಅವಳ ಮಗ ಗಾಜಿನ ತೊಟ್ಟಿಲಿನಿಂದ ಹೊರಗೆ ಬರಲಿಲ್ಲ.

ಅವಳು ಇದನ್ನೆಲ್ಲ ನೂಲಿನ ಸಿಕ್ಕು ಬಿಡಿಸುತ್ತಲೇ ಹೇಳಿದಳು. ಅವಳಿಗೆ ಇದರ ಅರ್ಥ ಗೊತ್ತಿಲ್ಲವೆಂದು ನಾನು ಭಾವಿಸಿದ್ದೆ.

"ಸಾವು ನಿನ್ನ ಹುಡುಕ್ಕೋಂತ ನಮ್ಮ ಮನಿಗೆ ಬಂತು, ತಿಪ್ಪಣ್ಣಾ. ನೀ ಇರಲಿಲ್ಲ. ಬಂದದ್ದು ಬರಿಗೈಲೆ ಹೊಕ್ಕೈತೇನು?"

ಮಧುಮತಿ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆಗ ಅತ್ತೆಯವರು, ಬಹಳ ಮೆಲ್ಲಗೆ, ಆ ಕೂಸಿನ ಬಲಗಿವಿಯ ಹಿಂದೆ ಒಂದು ಮಚ್ಚೆ ಇತ್ತೇ ಎಂದು ಕೇಳಿದರು. ಬಸಲಿಂಗವ್ವನ ಕೈ ನಿಂತಿತು. ಇತ್ತು ಎಂದಳು.

"ಕಡಿಗೆ ಅವನ್ನ ಎತ್ತಿಕೊಂಡಾಕಿ ನಾನ," ಎಂದರು ಅತ್ತೆಯವರು.

"ಹಂಗಾರ ಒಬ್ಬನ ಇರಲಿಲ್ಲ ಬಿಡ್ರಿ ಬಾಯಾರ, ಅವ," ಎಂದು ಬಸಲಿಂಗವ್ವ ಮತ್ತೆ ನೂಲು ಹಿಡಿದಳು.

ಹೆಸರುಗಳನ್ನು ಬಾಗಿಲ ಹೊರಗಿಟ್ಟು ಬಾಳಿದ ಅತ್ತೆಯವರು ಆ ದಿನದಿಂದ ಹೆಸರು ಹಿಡಿದು ಬೆಟಗೇರಿಯ ಓಣಿಗಳನ್ನು ಸುತ್ತಿದರು. ತಿಪ್ಪಣ್ಣ, ತಿಪ್ಪವ್ವ, ಕಸಪ್ಪ, ಗುಂಡವ್ವ, ತೌಡಪ್ಪ. ತೊಳೆಯ ಕಾನೂನು ಬಂದ ಮೇಲೆ ಹುಟ್ಟಿ ಇಂಥ ಹೆಸರು ಹೊತ್ತವರ ಕೂದಲನ್ನೂ, ಅವರ ಜೊತೆ ಅದಲುಬದಲಾದವರ ಕೂದಲನ್ನೂ ಕೇಳಿ ಪಡೆದರು. ಜನ ಅವರನ್ನು ಕಂಡು ಮಣೆ ಹಾಕಿ ಕೂರಿಸುತ್ತಿದ್ದರು. ಒಂದು ಮನೆಯಲ್ಲಿ, ನಿಮ್ಮ ಸೂಜಿ ಸಾಲದೆಂದು ಈಗ ತಲೆಗೂದಲಿಗೆ ಬಂದಿರೇನು ಎಂದು ಚುಚ್ಚಿದರಂತೆ. ಎಪ್ಪತ್ತೆರಡರ ವಯಸ್ಸಿನಲ್ಲಿ ಅವರು ಮೊದಲ ಸಲ ಬೇರೆಯವರ ಮನೆಗಳಲ್ಲಿ ಕೂತು ಚಹಾ ಕುಡಿದರು.

ಹೆಚ್ಚಿನ ಜೋಡಿಗಳಲ್ಲಿ ಇಬ್ಬರಿಗೂ ಗಂಟು ಇರಲಿಲ್ಲ, ಅದಲುಬದಲಿನಿಂದ ಏನೂ ಆಗಿರಲಿಲ್ಲ. ಆದರೆ ಗಂಟು ಇದ್ದೂ ತೊಳೆಯಿಲ್ಲದೆ ಬೆಳೆದವರು ನನ್ನನ್ನೂ ಸೇರಿ ಹತ್ತೊಂಬತ್ತು ಜನ ಸಿಕ್ಕರು. ಅವರಲ್ಲಿ ಒಬ್ಬಳು ಬಿಳಿಪು ಬಂದು ಏಳನೇ ವರ್ಷ ತೀರಿಕೊಂಡಿದ್ದಳು. ಉಳಿದವರು ಗಟ್ಟಿಯಾಗಿದ್ದೇವೆ. ಕೆಲವರಿಗೆ ಮಕ್ಕಳಿದ್ದಾರೆ. ಆ ಮಕ್ಕಳಲ್ಲಿ ಗಂಟು ಕಂಡವರನ್ನು ಆಗಲೇ ತೊಳೆದಾಗಿದೆ. ಇನ್ನು ನಮ್ಮ ಬದಲಿಗೆ ತೊಳೆಗೆ ಹೋದ ಹತ್ತೊಂಬತ್ತು ಜನ. ಹದಿನೇಳು ಜನ ಇದ್ದಾರೆ, ಕುಳ್ಳಗೆ, ಮಂಜುಗಣ್ಣಿನಲ್ಲಿ, ಮಕ್ಕಳಿಲ್ಲದೆ, ಗಂಟೂ ಇಲ್ಲದೆ. ಇಬ್ಬರು ಗಾಜಿನಲ್ಲಿ ಸತ್ತರು.

ಹಿಂದಿನವರೇ, ಇದರಲ್ಲಿ ನಿಮಗೆ ಸಂಬಂಧಿಸಿದ ಮಾತು ಇಲ್ಲಿದೆ. ಅತ್ತೆಯವರ ಕೈಗೆ ನಿಮ್ಮ ಕಾಲದಿಂದ ಬಂದದ್ದು ಕಾಯಿಲೆ ಬಿದ್ದ ಮಕ್ಕಳ ನೆತ್ತರು ಮಾತ್ರ. ಅದರಲ್ಲಿ ಗಂಟು ಇತ್ತು. ಗಂಟು ಇದ್ದೂ ಕಾಯಿಲೆ ಬೀಳದೆ ಶಾಲೆಗೆ ಹೋಗಿ, ಮದುವೆಯಾಗಿ, ಮುದುಕರಾದವರ ನೆತ್ತರನ್ನು ಯಾರೂ ಇಡಲಿಲ್ಲ. ಗಟ್ಟಿಯಾಗಿರುವ ಮಗುವಿನ ನೆತ್ತರು ಯಾರಿಗೆ ಬೇಕು? ನಮ್ಮ ಕಾಲದಲ್ಲಿ ಕಾನೂನು ಬಂದ ಮೇಲೆ ಗಂಟಿನ ಒಂದು ಮಗುವನ್ನೂ ತೊಳೆಯದೆ ಬಿಡಲಿಲ್ಲ. ಹೀಗಾಗಿ ಗಂಟಿನವರಲ್ಲಿ ಎಷ್ಟು ಜನ ತಾವಾಗಿಯೇ ಬದುಕುತ್ತಾರೆ ಎಂಬುದು ನಮಗೆ ತಿಳಿಯುವ ದಾರಿಯೇ ಉಳಿಯಲಿಲ್ಲ. ಚಿಂದಿ ನೂಲಿನ ಗುಡ್ಡೆಯೊಂದೇ ಉಳಿದ ದಾರಿ.

ಅತ್ತೆಯವರು ನೆತ್ತರಮನೆಯ ಮಂಡಳಿಯ ಮುಂದೆ ಹೋಗಿ ಒಂದು ವರ್ಷ ತೊಳೆಯನ್ನು ನಿಲ್ಲಿಸಬೇಕೆಂದು ಕೇಳಿದರು. ಮಂಡಳಿಯಲ್ಲಿರುವವರೆಲ್ಲ ಅವರ ಶಿಷ್ಯರು. ಎದ್ದು ನಿಂತು ಗೌರವದಿಂದ ಕೇಳಿಸಿಕೊಂಡರು. ಹತ್ತೊಂಬತ್ತು ಜನರ ಮೇಲೆ ಊರಿನ ಮಕ್ಕಳನ್ನು ಪಣಕ್ಕಿಡಲಾಗದು, ಇದನ್ನು ನೀವೇ ನಮಗೆ ಕಲಿಸಿದ್ದು ಎಂದರು. ಎರಡನೇ ಬೇಸಿಗೆ ಮುಗಿದ ಮೇಲೆ ಪರಿಶೀಲಿಸೋಣ ಎಂದರು. ಅವರು ಹೇಳಿದ್ದು ಸರಿ ಎಂದು ಅತ್ತೆಯವರು ಮನೆಗೆ ಬಂದು ನಮಗೆ ಹೇಳಿದರು. ತೊಳೆಯದ ಹತ್ತೊಂಬತ್ತರಲ್ಲಿ ಒಬ್ಬಳು ಸತ್ತಳು, ತೊಳೆದ ಹತ್ತೊಂಬತ್ತರಲ್ಲಿ ಇಬ್ಬರು. ಒಂದು ಮತ್ತು ಎರಡರ ನಡುವೆ ಏನೂ ಹೇಳಲು ಬರುವುದಿಲ್ಲ.

"ಅವ್ವಾ, ಡಾಕ್ಟರ್ ಆಗಿ ಹೇಳಬ್ಯಾಡ. ಅಮ್ಮ ಆಗಿ ಹೇಳು," ಎಂದಳು ಮಧುಮತಿ. ನಮ್ಮಲ್ಲಿ ಅಜ್ಜಿಯನ್ನು ಅಮ್ಮ ಎನ್ನುತ್ತಾರೆ.

"ಅಮ್ಮಗ ಏನೂ ಗೊತ್ತಿಲ್ಲ," ಎಂದರು ಅವರು. ಮೊದಲ ಸಲ ಮಗುವನ್ನು ಎತ್ತಿಕೊಂಡು, ಅದರ ಕಿವಿಗಳ ಹಿಂದೆ ನೋಡಿದರು.

ಬಸಲಿಂಗವ್ವ ಎರಡು ದಿನದ ಹಿಂದೆ ಬಂದಿದ್ದಳು. ಸೆರಗಿನ ಅಡಿಯಲ್ಲಿ ಹೊಸ ಮೊರ ತಂದಿದ್ದಳು. ಓಣಿಯ ಕೊನೆಯ ಮನೆಯಲ್ಲಿ ನಮ್ಮ ಮಗಳ ಪ್ರಾಯದ, ಗಂಟಿಲ್ಲದ ಕೂಸೊಂದಿದೆ, ಆ ಮನೆಯವರು ಹಳೆಯ ರೂಢಿಯ ಅದಲುಬದಲಿಗೆಂದು ಕೊಡುವುದಕ್ಕೆ ಒಪ್ಪಿದ್ದಾರೆ, ಅವರಿಗೆ ಈ ಗಂಟಿನ ಲೆಕ್ಕ ತಿಳಿಯದು ಎಂದಳು. ಸೋಮವಾರ ನೆತ್ತರಮನೆಯವರು ಬಟ್ಟೆಯಲ್ಲಿ ಸುತ್ತಿದ ಕೂಸಿನ ಮುಖ ನೋಡುವವರಲ್ಲ. ತನ್ನ ಮಗ ಹೋದ ದಾರಿಯಲ್ಲಿ ಇನ್ನೊಂದು ಕೂಸನ್ನು ಕಳಿಸಲು ಅವಳು ತಯಾರಾಗಿದ್ದಳು, ನನಗಾಗಿ. ಆ ಕೂಸು ಯಾರ ಬದಲಿಗೆ ಹೋಗುತ್ತದೆ ಎಂದು ನಮಗೆ ಗೊತ್ತಿದ್ದೂ ಅದನ್ನು ಕಳಿಸಬೇಕಾಗುತ್ತದೆಯಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. ಆಗಿನ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಳು. ಮೊರವನ್ನು ಅಲ್ಲೇ ಬಿಟ್ಟು ಹೋದಳು. ಅದು ಈಗ ಬಾಗಿಲ ಹಿಂದೆ ಒರಗಿದೆ.

ನನ್ನ ಕೋರಿಕೆ ಇಷ್ಟು. ನಿಮ್ಮ ಕಾಲದಲ್ಲಿ, ನಿಮ್ಮ ಮಗು ಮಲಗಿರುವ ಹಾಸಿಗೆಯ ಪಕ್ಕ, ಬೇಸರದಿಂದ ಕಾಲು ಆಡಿಸುತ್ತ ಕುಳಿತಿರುವ ಅದರ ಅಣ್ಣನೋ ತಂಗಿಯೋ ಇದ್ದರೆ, ಅವರ ಒಂದು ಹನಿಯನ್ನೂ ಇಟ್ಟುಕೊಳ್ಳಲು ಹೇಳಿ. ಡಾಕ್ಟರರು ಬೇಡವೆಂದರೂ ಹೇಳಿ. ಅವರು ಮುಂದೆ ಏನಾದರು ಎಂದು ವರ್ಷ ವರ್ಷ ಬರೆದಿಡಲು ಹೇಳಿ. ಈ ಪತ್ರ ನಿಮಗೆ ತಲುಪುವುದಿಲ್ಲ. ಆದರೂ ಕೇಳದೆ ಇರಲಾರೆ.

ನಾವು ತೀರ್ಮಾನ ಮಾಡಿದ್ದೇವೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಸೋಮವಾರ ಮಗಳನ್ನು ನೆತ್ತರಮನೆಗೆ ಕರೆದುಕೊಂಡು ಹೋಗುತ್ತೇವೆ, ಮುಖ ಮುಚ್ಚದೆ, ನಮ್ಮ ಮನೆಯ ಮಗು ಎಂದೇ. ಗಾಜಿನ ತೊಟ್ಟಿಲಿನ ಕಡೆ ಹೋಗುವುದಿಲ್ಲ. ದಾಖಲೆಯ ಕಟ್ಟೆಯ ಮುಂದೆ ನಿಂತು, ತೊಳೆಯದ ಗಂಟಿನವರಲ್ಲಿ ಇವಳು ಇಪ್ಪತ್ತನೆಯವಳು ಎಂದು ಬರೆಸುತ್ತೇವೆ. ಅವಳ ನೀರಿನ ಪಾಲು ಅಂದೇ ನಿಲ್ಲುತ್ತದೆ. ಅದನ್ನು ನಿಲ್ಲಿಸುವ ಕಾಗದ ಮಧುಮತಿಯ ಮೇಜಿಗೇ ಬರುತ್ತದೆ, ಸಹಿ ಮಾಡುತ್ತೇನೆ ಎಂದಿದ್ದಾಳೆ. ನಮ್ಮಿಬ್ಬರ ಪಾಲಿನಲ್ಲಿ ಮೂವರು ಕುಡಿಯುತ್ತೇವೆ. ಅವಳು ಬದುಕಿದರೆ ಒಂದು ಕಡೆ ಎಣಿಸುತ್ತಾರೆ, ಬದುಕದಿದ್ದರೆ ಇನ್ನೊಂದು ಕಡೆ. ತನ್ನ ಮಗುವಿನ ಬಗ್ಗೆ ಒಬ್ಬ ತಂದೆ ಬರೆಯಬಾರದ ವಾಕ್ಯ ಇದು. ಬರೆದಿದ್ದೇನೆ, ಅಳಿಸುವುದಿಲ್ಲ.

ಅದಕ್ಕೂ ಮೊದಲು, ಭಾನುವಾರ ಬೆಳಗ್ಗೆ, ಬಸಲಿಂಗವ್ವನ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಮೊರದ ತುಂಬ ತೌಡು ತುಂಬಿಟ್ಟಿದ್ದೇವೆ. ನನ್ನನ್ನು ಕೊಂಡುಕೊಂಡಾಗ ನನ್ನ ತಾಯಿ ಕೊಟ್ಟದ್ದೂ ಇದನ್ನೇ. ಮಗಳ ಹೆಸರನ್ನು ಅವಳ ಕಿವಿಯಲ್ಲಿ ಬಸಲಿಂಗವ್ವನೇ ಹೇಳಬೇಕು. ಹೆಸರು ಯಾವುದೆಂದು ನಿರ್ಧರಿಸಿದ್ದೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಅವಳೇ ಕೇಳಿಲ್ಲ.